ಟೇಬಲ್ ಹೆಸರು ಕಣ್ಣಿಗೆ ಕಾಣುತ್ತದೆ, ಕಾಪಿ ಯಾಕೆ ಆಗುವುದಿಲ್ಲ?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಂದು ಚಿಕ್ಕ ಕೆಲಸ ಕೊಟ್ಟರು. ಡೇಟಾಬೇಸಿನ ಒಂದು ಟೇಬಲ್‌ನಲ್ಲಿರುವ ಕಾಲಮ್‌ಗಳ ಹೆಸರನ್ನೆಲ್ಲ ಎಕ್ಸೆಲ್ ಶೀಟಿಗೆ ಹಾಕಬೇಕು. ಪಕ್ಕದಲ್ಲಿ ಯಾವುದು ಯಾತಕ್ಕೆ ಎಂದು ಒಂದು ಸಾಲು ಬರೆಯಬೇಕು. ಅಷ್ಟೇ. ಡೇಟಾಬೇಸ್ ನೋಡುವ ಟೂಲ್‌ನಲ್ಲಿ ಆ ಟೇಬಲ್ ತೆರೆಯ ಎಡಗಡೆಯ ಮರದಂಥ ಪಟ್ಟಿಯಲ್ಲಿ ಕವಲು ಬಿಚ್ಚಿಕೊಂಡು ಕೂತಿತ್ತು. 62 ಕಾಲಮ್‌ಗಳು. ಮೌಸ್ ಒತ್ತಿಹಿಡಿದು ಮೇಲಿಂದ ಕೆಳಗೆ ಎಳೆದೆ. ಒಂದಕ್ಷರವೂ ಸೆಲೆಕ್ಟ್ ಆಗಲಿಲ್ಲ. ಇನ್ನೊಮ್ಮೆ ಎಳೆದೆ. ಊಹೂಂ.

ಯಾರನ್ನಾದರೂ ಕೇಳೋಣ ಎಂದರೆ ನಾಚಿಕೆ. ಇಷ್ಟೂ ಗೊತ್ತಿಲ್ವಾ ಅಂದುಬಿಟ್ಟರೆ? ಸುಮ್ನೆ ಕೂತು 62 ಹೆಸರನ್ನೂ ನೋಡಿ ನೋಡಿ ಟೈಪ್ ಮಾಡಿದೆ.

ಆ ಟೇಬಲ್ ಮಾಡಿದ ಪುಣ್ಯಾತ್ಮರು ಯಾರೋ ಅಡ್ರೆಸ್ ಎನ್ನುವ ಪದವನ್ನು ಇಂಗ್ಲಿಷಿನಲ್ಲಿ ಒಂದೇ 'ಡಿ' ಹಾಕಿ ಬರೆದಿದ್ದರು. ನನ್ನ ಬೆರಳಿಗೆ ಎರಡು 'ಡಿ' ಅಭ್ಯಾಸ. ನನಗೇ ತಿಳಿಯದೆ ಸ್ಪೆಲಿಂಗ್ ತಿದ್ದಿಬಿಟ್ಟಿದ್ದೆ. ವಾರದ ನಂತರ ಇನ್ನೊಬ್ಬರು ನನ್ನ ಶೀಟ್ ನಂಬಿ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆದರು. 'ಇಂಥ ಕಾಲಮ್ ಇಲ್ಲ' ಎಂಬ ಎರರ್ ಬಂತು. ಹೆಸರು ಸರಿಯಾಗಿದೆಯಲ್ಲ, ಹಾಗಾದರೆ ಪರ್ಮಿಷನ್ ತೊಂದರೆಯೇ, ಬೇರೆ ಡೇಟಾಬೇಸಿಗೆ ಕನೆಕ್ಟ್ ಆಗಿದೆಯೇ ಎಂದು ಅವರು ಒಂದು ಸಂಜೆ ಪೂರ್ತಿ ಹುಡುಕಿದರು.

ಡೇಟಾಬೇಸಿನಲ್ಲಿ ಸ್ಪೆಲಿಂಗ್‌ಗೆ ಸರಿ ತಪ್ಪು ಎಂಬುದಿಲ್ಲ. ಹೆಸರಿಟ್ಟಾಗ ಏನು ಬರೆದರೋ ಅದೇ ಹೆಸರು. ವೆಬ್ ಪುಟಗಳು ಓಡಾಡುವ ಎಚ್‌ಟಿಟಿಪಿಯಲ್ಲೂ ಇಂಥದ್ದೇ ಒಂದಿದೆ. 'ರೆಫರರ್' ಎಂಬ ಹೆಡರಿನ ಹೆಸರಿನಲ್ಲಿ ಒಂದು 'ಆರ್' ಬಿಟ್ಟುಹೋಗಿತ್ತು. 1996ರಲ್ಲಿ ಅದು ಹಾಗೆಯೇ ದಾಖಲೆಗೆ ಸೇರಿತು. ಇವತ್ತಿಗೂ ಜಗತ್ತಿನ ಬ್ರೌಸರ್‌ಗಳೆಲ್ಲ ಆ ತಪ್ಪು ಸ್ಪೆಲಿಂಗನ್ನೇ ಕಳಿಸುತ್ತಿವೆ. ಆದ್ದರಿಂದ ಹೆಸರನ್ನು ಕೈಯಲ್ಲಿ ಟೈಪ್ ಮಾಡುವುದಕ್ಕಿಂತ ಕಾಪಿ ಮಾಡುವುದೇ ಸರಿ. ಸೋಮಾರಿತನ ಎಂದು ಯಾರಾದರೂ ಅಂದರೆ ಅನ್ನಲಿ.

ಹಾಗಾದರೆ ಆ ಮರದಂಥ ಪಟ್ಟಿಯಿಂದ ಅದು ಯಾಕೆ ಕಾಪಿ ಆಗುವುದಿಲ್ಲ?

ಅಕ್ಷರದ ಹಾಗೆ ಕಾಣುವ ಚಿತ್ರ

ವರ್ಡ್ ಅಥವಾ ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಕಂಡರೆ ಅಲ್ಲಿ ನಿಜವಾಗಿ ಅಕ್ಷರಗಳಿವೆ. ಕರ್ಸರ್ ಎರಡು ಅಕ್ಷರಗಳ ನಡುವೆ ಹೋಗಿ ನಿಲ್ಲುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಬೇಕೋ ಅಷ್ಟನ್ನು ಹಿಡಿಯಬಹುದು.

ಎಡಗಡೆಯ ಮರದಲ್ಲಿ ಹಾಗಿಲ್ಲ. ಅಲ್ಲಿರುವ ಒಂದೊಂದು ಸಾಲೂ ಒಂದು ವಸ್ತು. ಒಂದು ಟೇಬಲ್, ಒಂದು ಕಾಲಮ್, ಒಂದು ಇಂಡೆಕ್ಸ್. ಆ ವಸ್ತು ಯಾವುದೆಂದು ನಮಗೆ ತಿಳಿಯಲಿ ಅಂತ ಸಾಫ್ಟ್‌ವೇರ್ ಅದರ ಪಕ್ಕದಲ್ಲಿ ಒಂದು ಪುಟ್ಟ ಐಕಾನ್ ಬಿಡಿಸುತ್ತದೆ, ಹೆಸರನ್ನೂ ಬಿಡಿಸುತ್ತದೆ. ಅದು ಬಾಗಿಲ ಮೇಲಿನ ನಾಮಫಲಕ ಇದ್ದ ಹಾಗೆ. ಬಾಗಿಲು ತಟ್ಟಬಹುದು, ತೆರೆಯಬಹುದು. ಫಲಕದ ಅಕ್ಷರವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಮೌಸ್ ಎಳೆದರೆ 'ಈ ವಸ್ತುವನ್ನು ಬೇರೆಲ್ಲೋ ಒಯ್ಯುತ್ತಿದ್ದಾರೆ' ಎಂದು ಸಾಫ್ಟ್‌ವೇರ್ ತಿಳಿಯುತ್ತದೆ.

ಕಾಪಿ ಎಂಬ ಮಾತಿಗೂ ಇಲ್ಲಿ ಅರ್ಥ ಬೇರೆ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಸೇರಿ ಜಿಪ್ಸಿ ಎಂಬ ಎಡಿಟರ್ ಮಾಡಿದರು. ನಾವಿವತ್ತು ಬಳಸುವ ಕಟ್, ಕಾಪಿ, ಪೇಸ್ಟ್ ರೂಪುಗೊಂಡಿದ್ದು ಅದರಲ್ಲಿ. ಅಲ್ಲಿ ಕಾಪಿ ಅಂದರೆ ಬರವಣಿಗೆಯ ಕಾಪಿ. ಆಮೇಲೆ ತೆರೆಯ ಮೇಲೆ ಫೈಲು, ಫೋಲ್ಡರು, ಟೇಬಲ್ಲು ಎಲ್ಲವೂ ಬಂದವು. ಕೀಲಿ ಅದೇ ಕಂಟ್ರೋಲ್ ಸಿ, ಆದರೆ ಏನನ್ನು ಕಾಪಿ ಮಾಡಬೇಕು ಎಂದು ಆಯಾ ಸಾಫ್ಟ್‌ವೇರ್ ತಾನೇ ತೀರ್ಮಾನಿಸತೊಡಗಿತು.

ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಎಡಗಡೆ ಒಂದು ಟೇಬಲ್ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಸಿ ಒತ್ತಿ. ಅಲ್ಲೇ ಕಂಟ್ರೋಲ್ ವಿ ಒತ್ತಿ. 'ಟೇಬಲ್ ಅನ್ನು ಹೇಗೆ ಪೇಸ್ಟ್ ಮಾಡಲಿ? ಬರೀ ರಚನೆ ಸಾಕೇ, ಒಳಗಿನ ಡೇಟಾ ಸಮೇತ ಬೇಕೇ, ಇಲ್ಲಾ ಇರುವ ಟೇಬಲ್‌ಗೆ ಸೇರಿಸಲೇ?' ಎಂದು ಪೆಟ್ಟಿಗೆಯೊಂದು ಕೇಳುತ್ತದೆ. ನಮಗೆ ಬೇಕಿದ್ದದ್ದು ಹೆಸರು. ಅದು ಟೇಬಲ್ಲನ್ನೇ ಹೊತ್ತು ತಂದಿದೆ. ಹೆಸರು ಕೇಳಿದರೆ ಮನೆಯನ್ನೇ ಎತ್ತಿಕೊಂಡು ಬಂದ ಹಾಗೆ.

ಆಕ್ಸೆಸ್ ಬಳಸುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಎಫ್2 ಒತ್ತಿದರೆ ಹೆಸರು ಬದಲಿಸುವ ಪೆಟ್ಟಿಗೆ ತೆರೆಯುತ್ತದೆ. ಆ ಪೆಟ್ಟಿಗೆಯ ಒಳಗಿರುವುದು ನಿಜವಾದ ಅಕ್ಷರ. ಹಾಗಾಗಿ ಎಫ್2, ಕಂಟ್ರೋಲ್ ಸಿ, ಆಮೇಲೆ ಎಸ್ಕೇಪ್. ಕೆಲಸ ಆಗುತ್ತದೆ. ಆದರೆ ನನಗೆ ಈ ದಾರಿ ಇಷ್ಟವಿಲ್ಲ. ಎಸ್ಕೇಪ್ ಬದಲು ಬೇರೆ ಕೀಲಿಗೆ ಕೈ ತಾಗಿ ಒಂದಕ್ಷರ ಸೇರಿ, ಎಂಟರ್ ಬಿದ್ದರೆ ಟೇಬಲ್ಲಿನ ಹೆಸರೇ ಬದಲಾಯಿತು. ಸರ್ವರ್ ಮೇಲಿನ ಡೇಟಾಬೇಸಿನಲ್ಲಿ ಹೀಗಾದರೆ ಆ ಹೆಸರನ್ನು ನಂಬಿಕೊಂಡಿದ್ದ ವ್ಯೂಗಳು (ಹೆಸರಿಟ್ಟು ಉಳಿಸಿಟ್ಟ ಕ್ವೆರಿಗಳು), ಪ್ರೊಸೀಜರ್‌ಗಳು (ಉಳಿಸಿಟ್ಟ ಆಜ್ಞೆಗಳ ಕಟ್ಟು), ರಿಪೋರ್ಟ್‌ಗಳು ಒಂದೊಂದಾಗಿ ಕೂಗಲು ಶುರು ಮಾಡುತ್ತವೆ. ಬರೀ ಓದಲು ಹೋದವರು ಬದಲಿಸುವ ಪೆಟ್ಟಿಗೆ ತೆರೆಯದಿರುವುದೇ ಕ್ಷೇಮ.

ಇನ್ನೊಂದು ಸಂಗತಿ. ಕ್ಲಿಪ್‌ಬೋರ್ಡಿನಲ್ಲಿ ಒಂದೇ ವಸ್ತು ಇರುತ್ತದೆ ಎಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ. ಕಾಪಿ ಮಾಡಿದ ಸಾಫ್ಟ್‌ವೇರ್ ಒಂದೇ ವಿಷಯವನ್ನು ನಾಲ್ಕಾರು ರೂಪದಲ್ಲಿ ಅಲ್ಲಿಡಬಹುದು. ಬರೀ ಅಕ್ಷರವಾಗಿ, ಬಣ್ಣ ಗೆರೆ ಸಮೇತ ಎಚ್‌ಟಿಎಂಎಲ್ ಆಗಿ, ತನಗೆ ಮಾತ್ರ ಅರ್ಥವಾಗುವ ವಸ್ತುವಾಗಿ. ಪೇಸ್ಟ್ ಮಾಡುವ ಜಾಗ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಅದಕ್ಕೇ ಒಂದೇ ಕಾಪಿ ಎಕ್ಸೆಲ್‌ನಲ್ಲಿ ಒಂದು ಥರ, ನೋಟ್‌ಪ್ಯಾಡಿನಲ್ಲಿ ಇನ್ನೊಂದು ಥರ ಇಳಿಯುತ್ತದೆ. ಆಕಡೆ ಪೇಸ್ಟ್ ಆಗಲಿಲ್ಲ ಎಂದ ಮಾತ್ರಕ್ಕೆ ಕಾಪಿ ಆಗಿಲ್ಲ ಎಂದಲ್ಲ. ಒಮ್ಮೆ ನೋಟ್‌ಪ್ಯಾಡಿಗೆ ಹಾಕಿ ನೋಡಿ.

ಹೇಗೂ ಮಾತು ಬಂತು, ಹೇಳಿಬಿಡುತ್ತೇನೆ. ವಿಂಡೋಸ್‌ನ ಮಾಮೂಲಿ ಎರರ್ ಪೆಟ್ಟಿಗೆಯಲ್ಲೂ ಅಕ್ಷರ ಸೆಲೆಕ್ಟ್ ಆಗುವುದಿಲ್ಲ. ಆದರೆ ಪೆಟ್ಟಿಗೆ ಎದುರಿಗಿರುವಾಗ ಕಂಟ್ರೋಲ್ ಸಿ ಒತ್ತಿದರೆ ಅದರ ಪೂರ್ತಿ ಸಂದೇಶ ಕಾಪಿ ಆಗಿರುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಫೋನಿನಲ್ಲಿ ಫೋಟೋ ತೆಗೆಯುತ್ತಾರೆ.

ಟೂಲ್‌ಗಳು ಬಿಟ್ಟಿರುವ ಸಣ್ಣ ಬಾಗಿಲುಗಳು

ಡೇಟಾಬೇಸಿಗೆಂದೇ ಮಾಡಿದ ಟೂಲ್‌ಗಳು ಈ ವಿಷಯದಲ್ಲಿ ಆಕ್ಸೆಸ್‌ಗಿಂತ ಎಷ್ಟೋ ವಾಸಿ. ಡಿಬೀವರ್ ಮತ್ತು ಡೇಟಾಗ್ರಿಪ್‌ನಲ್ಲಿ ಮರದ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಸಿ ಒತ್ತಿದರೆ ಹೆಸರು ಸಿಗುತ್ತದೆ. ಶಿಫ್ಟ್ ಹಿಡಿದು ಹತ್ತು ಕಾಲಮ್ ಆರಿಸಿದರೆ ಹತ್ತು ಹೆಸರು ಒಂದರ ಕೆಳಗೊಂದು ಬರುತ್ತವೆ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲಿ ಬಲ ಕ್ಲಿಕ್ ಮಾಡಿದರೆ ಕ್ಲಿಪ್‌ಬೋರ್ಡಿಗೆ ಕಾಪಿ ಮಾಡುವ ಮೆನು ಇದೆ. ಚಿಕ್ಕ ಹೆಸರು ಬೇಕೇ, ಡೇಟಾಬೇಸ್ ಹೆಸರು ಸೇರಿದ ಉದ್ದ ಹೆಸರು ಬೇಕೇ ಎಂದು ಬೇರೆ ಬೇರೆ ಕೊಟ್ಟಿದ್ದಾರೆ. ಪಿಜಿಅಡ್ಮಿನ್‌ನಲ್ಲಿ ಮರದಿಂದ ಟೇಬಲ್ ಎಳೆದು ಕ್ವೆರಿ ಬರೆಯುವ ಜಾಗದಲ್ಲಿ ಬಿಟ್ಟರೆ ಸ್ಕೀಮಾ (ಡೇಟಾಬೇಸಿನೊಳಗೆ ಟೇಬಲ್‌ಗಳನ್ನು ಗುಂಪಾಗಿಡುವ ವಿಭಾಗ) ಸಮೇತ ಹೆಸರು ಬೀಳುತ್ತದೆ. ಒರಾಕಲ್‌ನ ಎಸ್‌ಕ್ಯೂಎಲ್ ಡೆವಲಪರ್‌ನಲ್ಲಿ ಹಾಗೇ ಎಳೆದು ಬಿಟ್ಟರೆ ಸೆಲೆಕ್ಟ್ (ಡೇಟಾ ಓದುವ ಕ್ವೆರಿ) ಬೇಕೇ, ಇನ್ಸರ್ಟ್ (ಡೇಟಾ ಸೇರಿಸುವುದು) ಬೇಕೇ ಎಂದು ಕೇಳಿ, ಕಾಲಮ್ ಹೆಸರೆಲ್ಲ ತುಂಬಿದ ಪೂರ್ತಿ ಕ್ವೆರಿಯನ್ನೇ ಬರೆದುಕೊಡುತ್ತದೆ.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ನನಗೆ ತುಂಬ ಖುಷಿ ಕೊಟ್ಟ ಒಂದು ಗುಟ್ಟಿದೆ. ಟೇಬಲ್ಲಿನ ಪಕ್ಕದ ಕೂಡು ಚಿಹ್ನೆ ಒತ್ತಿ ಬಿಚ್ಚಿ. ಒಳಗೆ 'ಕಾಲಮ್ಸ್' ಎಂಬ ಫೋಲ್ಡರ್ ಕಾಣುತ್ತದೆ. ಕಾಲಮ್‌ಗಳನ್ನಲ್ಲ, ಆ ಫೋಲ್ಡರನ್ನೇ ಹಿಡಿದು ಎಳೆದು ಕ್ವೆರಿ ಬರೆಯುವ ಜಾಗದಲ್ಲಿ ಬಿಡಿ. 62 ಹೆಸರೂ ಕಾಮಾ ಹಾಕಿಕೊಂಡು ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ. ನಾನು ಅರ್ಧ ದಿನ ಕಳೆದ ಕೆಲಸ ಎರಡು ಸೆಕೆಂಡಿಗೆ ಮುಗಿಯುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದೇ ಟೂಲ್‌ನಲ್ಲಿ ಟೇಬಲ್‌ಗಳ ಪಟ್ಟಿ ಬೇಕಿದ್ದರೆ ಎಫ್7 ಒತ್ತಿ. ಬಲಗಡೆ ವಿವರದ ಪಟ್ಟಿ ತೆರೆಯುತ್ತದೆ. ಮರದಲ್ಲಿ ಒಂದನ್ನೇ ಆರಿಸಲು ಆಗುವುದು, ಇಲ್ಲಿ ಎಷ್ಟು ಬೇಕೋ ಅಷ್ಟು. ಆರಿಸಿ ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಬಹುದು. ಕ್ವೆರಿಯಲ್ಲಿ ಬರೆದ ಟೇಬಲ್ ಹೆಸರನ್ನು ಸೆಲೆಕ್ಟ್ ಮಾಡಿ ಆಲ್ಟ್ ಎಫ್1 ಒತ್ತಿದರೆ ಆ ಟೇಬಲ್ಲಿನ ಕಾಲಮ್ಮು, ಟೈಪು, ಕೀ ಎಲ್ಲವೂ ಕೆಳಗೆ ಗ್ರಿಡ್ ಆಗಿ ಬರುತ್ತವೆ.

ಯಾವ ಟೂಲ್ ಆದರೂ ನಡೆಯುವ ಒಂದು ಉಪಾಯವೂ ಇದೆ. ಆ ಟೇಬಲ್ಲಿನಿಂದ ಒಂದೇ ಒಂದು ಸಾಲು ಬರುವಂತೆ ನಕ್ಷತ್ರ (ಎಲ್ಲ ಕಾಲಮ್‌ಗಳೂ ಬೇಕು ಎಂಬ ಚಿಹ್ನೆ) ಹಾಕಿ ಸೆಲೆಕ್ಟ್ ಕ್ವೆರಿ ಓಡಿಸಿ. ಫಲಿತಾಂಶದ ಗ್ರಿಡ್ಡನ್ನು ತಲೆಬರಹ ಸಮೇತ ಕಾಪಿ ಮಾಡಿ. ಎಕ್ಸೆಲ್‌ನಲ್ಲಿ ಪೇಸ್ಟ್ ಸ್ಪೆಷಲ್ ಒತ್ತಿ ಟ್ರಾನ್ಸ್‌ಪೋಸ್ ಆರಿಸಿ. ಅಡ್ಡ ಇದ್ದ ಹೆಸರುಗಳು ಉದ್ದಕ್ಕೆ ಇಳಿಯುತ್ತವೆ. ಪಕ್ಕದಲ್ಲಿ ಒಂದು ಸಾಲು ನಿಜವಾದ ಡೇಟಾವೂ ಬಂದಿರುತ್ತದೆ. ಯಾರದೋ ಫೋನ್ ನಂಬರ್ರೋ, ಹುಟ್ಟಿದ ದಿನವೋ ಇರಬಹುದು. ಶೀಟ್ ಯಾರಿಗಾದರೂ ಕಳಿಸುವ ಮುಂಚೆ ಅದನ್ನು ಅಳಿಸಿ.

ತೆರೆಯನ್ನು ಬಿಡಿ, ಡೇಟಾಬೇಸನ್ನೇ ಕೇಳಿ

ಇಷ್ಟೆಲ್ಲ ಬಾಗಿಲು ಹುಡುಕಿದ ಮೇಲೆ ನನಗೆ ತಿಳಿದದ್ದು ಒಂದು. ಹೆಸರುಗಳು ಇರುವುದು ತೆರೆಯ ಮೇಲಲ್ಲ. ಮರ ತೋರಿಸುವ ಟೂಲ್ ಕೂಡ ಆ ಹೆಸರುಗಳನ್ನು ಎಲ್ಲಿಂದಲೋ ಕೇಳಿ ತರುತ್ತದೆ. ಅದು ಕೇಳುವ ಜಾಗದಲ್ಲೇ ನಾವೂ ಕೇಳಬಹುದು.

ಟೇಬಲ್ ಹಾಗೂ ಕಾಲಮ್‌ಗಳ ವಿವರವನ್ನು ಡೇಟಾಬೇಸ್ ತನ್ನೊಳಗೆ ಇನ್ನೊಂದಿಷ್ಟು ಟೇಬಲ್‌ಗಳಲ್ಲೇ ಇಟ್ಟುಕೊಂಡಿರುತ್ತದೆ. ಇದು ಸುಮ್ಮನೆ ಆದದ್ದಲ್ಲ. ಎಲ್ಲವನ್ನೂ ಟೇಬಲ್ ರೂಪದಲ್ಲಿಡುವ ರಿಲೇಷನಲ್ ಡೇಟಾಬೇಸಿನ ಕಲ್ಪನೆಯನ್ನು 1970ರಲ್ಲಿ ಕೊಟ್ಟವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. ಯಾವುದನ್ನು ರಿಲೇಷನಲ್ ಎಂದು ಕರೆಯಬಹುದು ಎಂಬುದಕ್ಕೆ 1985ರಲ್ಲಿ ಅವರು ನಿಯಮಗಳನ್ನೂ ಬರೆದರು. ಹನ್ನೆರಡು ನಿಯಮ ಎಂದೇ ಪ್ರಸಿದ್ಧ, ಸೊನ್ನೆಯಿಂದ ಎಣಿಸುವುದರಿಂದ ಲೆಕ್ಕಕ್ಕೆ 13 ಇವೆ. ಅದರಲ್ಲಿ ನಾಲ್ಕನೆಯದು ನಮಗೆ ಬೇಕಾದ್ದು. ಡೇಟಾಬೇಸಿನ ವಿವರವೂ ಡೇಟಾದ ಹಾಗೆಯೇ ಟೇಬಲ್ ರೂಪದಲ್ಲಿರಬೇಕು, ಡೇಟಾ ಕೇಳುವ ಭಾಷೆಯಲ್ಲೇ ಅದನ್ನೂ ಕೇಳುವಂತಿರಬೇಕು. ಅಂದರೆ ಹೆಸರೂ ಡೇಟಾನೇ.

ಡೇಟಾಬೇಸನ್ನು ಕೇಳುವ ಭಾಷೆ ಎಸ್‌ಕ್ಯೂಎಲ್. ಅದರ 1992ರ ಸ್ಟ್ಯಾಂಡರ್ಡ್ ಇದಕ್ಕೆ 'ಇನ್ಫರ್ಮೇಷನ್ ಸ್ಕೀಮಾ' ಎಂದು ಹೆಸರಿಟ್ಟಿತು. ಎಸ್‌ಕ್ಯೂಎಲ್ ಸರ್ವರ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಮೂರು ಡೇಟಾಬೇಸ್‌ಗಳಲ್ಲೂ ಇದು ಸಿಗುತ್ತದೆ. ಕ್ವೆರಿ ಹೀಗಿರುತ್ತದೆ. ಓದಲು ಸುಲಭವಾಗಲಿ ಎಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಹಾಕಿ:

ಸೆಲೆಕ್ಟ್ ಕಾಲಮ್_ನೇಮ್
ಫ್ರಮ್ ಇನ್ಫರ್ಮೇಷನ್_ಸ್ಕೀಮಾ.ಕಾಲಮ್ಸ್
ವೇರ್ ಟೇಬಲ್_ಸ್ಕೀಮಾ = 'ಸೇಲ್ಸ್' ಆಂಡ್ ಟೇಬಲ್_ನೇಮ್ = 'ಕಸ್ಟಮರ್'
ಆರ್ಡರ್ ಬೈ ಆರ್ಡಿನಲ್_ಪೊಸಿಷನ್

ಇದರಲ್ಲಿ ಎರಡು ತುಂಡುಗಳನ್ನು ಜನ ಬಿಟ್ಟುಬಿಡುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಒಂದು, ಟೇಬಲ್ ಸ್ಕೀಮಾ. ಒಂದೇ ಹೆಸರಿನ ಟೇಬಲ್ ಎರಡು ಸ್ಕೀಮಾಗಳಲ್ಲಿ ಇರಬಹುದು. ಸ್ಕೀಮಾ ಹೇಳದಿದ್ದರೆ ಎರಡರ ಕಾಲಮ್‌ಗಳೂ ಕಲಸಿಕೊಂಡು ಬರುತ್ತವೆ. 62ರ ಜಾಗದಲ್ಲಿ 124 ಬಂದರೆ ಕಾರಣ ಬಹುಶಃ ಇದೇ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಕೀಮಾ ಅಂದರೆ ಡೇಟಾಬೇಸ್ ಹೆಸರೇ. ಇನ್ನೊಂದು, ಕೊನೆಯ ಆರ್ಡರ್ ಬೈ. ಅದಿಲ್ಲದಿದ್ದರೆ ಸಾಲುಗಳು ಯಾವ ಕ್ರಮದಲ್ಲಾದರೂ ಬರಬಹುದು. ಇವತ್ತು ಸರಿಯಾಗಿ ಬಂತು ಎಂದರೆ ನಾಳೆಯೂ ಬರುತ್ತದೆ ಎಂದಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಆ ಕ್ರಮಸಂಖ್ಯೆಗಳ ನಡುವೆ 5 ಆದ ಮೇಲೆ ನೇರ 7 ಕಂಡರೆ ಗಾಬರಿ ಬೇಡ. ಆರನೆಯ ಕಾಲಮ್ಮನ್ನು ಯಾರೋ ಹಿಂದೆ ತೆಗೆದುಹಾಕಿದ್ದಾರೆ, ಅದರ ಸಂಖ್ಯೆ ಖಾಲಿ ಉಳಿದಿದೆ.

ಟೇಬಲ್ ಇದೆ ಎಂದು ಖಂಡಿತ ಗೊತ್ತು, ಆದರೆ ಪಟ್ಟಿ ಖಾಲಿ ಬರುತ್ತಿದೆ. ಆಗ ನಿಮ್ಮ ಲಾಗಿನ್‌ಗೆ ಏನು ಪರ್ಮಿಷನ್ ಇದೆ ನೋಡಿ. ನಿಮಗೆ ಮುಟ್ಟಲು ಅವಕಾಶವಿಲ್ಲದ ಟೇಬಲ್ಲನ್ನು ಇನ್ಫರ್ಮೇಷನ್ ಸ್ಕೀಮಾ ನಿಮಗೆ ತೋರಿಸುವುದೇ ಇಲ್ಲ. ಎರರ್ ಕೂಡ ಕೊಡುವುದಿಲ್ಲ.

ಒರಾಕಲ್‌ನಲ್ಲಿ ಇನ್ಫರ್ಮೇಷನ್ ಸ್ಕೀಮಾ ಇಲ್ಲ. ಅಲ್ಲಿ ಆಲ್_ಟ್ಯಾಬ್_ಕಾಲಮ್ಸ್ ಎಂಬ ವ್ಯೂ ಕೇಳಬೇಕು. ಟೇಬಲ್ ಹೆಸರನ್ನು ದೊಡ್ಡಕ್ಷರದಲ್ಲೇ ಕೊಡಿ. ಎಸ್‌ಕ್ಯೂಲೈಟ್‌ನಲ್ಲಿ ಟೇಬಲ್_ಇನ್ಫೋ ಎಂಬ ಪ್ರಾಗ್ಮಾ, ಅಂದರೆ ಅದರದೇ ಒಂದು ಆಜ್ಞೆ, ಇದೆ.

ಹೆಸರುಗಳೆಲ್ಲ ಕಾಮಾ ಸಮೇತ ಒಂದೇ ಸಾಲಿನಲ್ಲಿ ಬೇಕಿದ್ದರೆ ಆ ಕೆಲಸವನ್ನೂ ಡೇಟಾಬೇಸಿಗೇ ಒಪ್ಪಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರಿಂಗ್_ಆಗ್ ಎಂಬ ಫಂಕ್ಷನ್ ಇದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಅದೇ ಹೆಸರಿನದು 2017ರ ಆವೃತ್ತಿಯಲ್ಲಿ ಬಂತು. ಒರಾಕಲ್‌ನಲ್ಲಿ ಲಿಸ್ಟ್‌ಆಗ್, ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್_ಕಾನ್‌ಕ್ಯಾಟ್. ಈ ಕೊನೆಯದರ ಮೇಲೆ ಒಂದು ಕಣ್ಣಿರಲಿ. ಅದರ ಮಾಮೂಲಿ ಮಿತಿ 1024 ಬೈಟ್. ಪಟ್ಟಿ ಅದಕ್ಕಿಂತ ಉದ್ದವಾದರೆ ಅಲ್ಲಿಗೆ ಕತ್ತರಿಸಿ ಕೊಡುತ್ತದೆ. ಎರರ್ ಇಲ್ಲ, ಬರೀ ಒಂದು ವಾರ್ನಿಂಗ್, ಅದನ್ನು ಯಾರು ನೋಡುತ್ತಾರೆ? ಒಂದೊಂದು ಹೆಸರು 20 ಅಕ್ಷರ ಎಂದುಕೊಂಡರೂ 50 ಹೆಸರು ದಾಟುವ ಮೊದಲೇ ಕತ್ತರಿ ಬೀಳುತ್ತದೆ. ಮಿತಿಯನ್ನು ಸೆಷನ್ ಮಟ್ಟದಲ್ಲಿ ಏರಿಸಿಕೊಂಡೇ ಓಡಿಸಿ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲೂ ಇಂಥದ್ದೊಂದಿದೆ. ಫಲಿತಾಂಶವನ್ನು ಗ್ರಿಡ್ ಬದಲು ಟೆಕ್ಸ್ಟ್ ಆಗಿ ತೋರಿಸು ಎಂದರೆ ಒಂದು ಕಾಲಮ್‌ಗೆ 256 ಅಕ್ಷರ ಮಾತ್ರ ತೋರಿಸುತ್ತದೆ. ಡೇಟಾಬೇಸ್ ಪೂರ್ತಿ ಕೊಟ್ಟಿರುತ್ತದೆ, ಕತ್ತರಿಸಿದ್ದು ತೆರೆ.

ಹೆಸರಿನ ಸುತ್ತ ಇರುವ ಬಟ್ಟೆ

ಹೆಸರು ಸಿಕ್ಕಿತು. ಆದರೆ ಅದರ ಸುತ್ತ ಚೌಕ ಬ್ರಾಕೆಟ್ ಇರುತ್ತದೆ, ಕೆಲವೊಮ್ಮೆ ಎರಡೆಳೆ ಕೋಟ್ ಇರುತ್ತದೆ, ಕೆಲವೊಮ್ಮೆ ಏನೂ ಇರುವುದಿಲ್ಲ. ಇದು ಅಲಂಕಾರವಲ್ಲ. ಹೆಸರಿನೊಳಗೆ ಖಾಲಿ ಜಾಗ ಇದ್ದರೆ, ಅಥವಾ ಹೆಸರು ಎಸ್‌ಕ್ಯೂಎಲ್‌ನದೇ ಪದವಾಗಿದ್ದರೆ, ಇದು ಹೆಸರು ಎಂದು ತಿಳಿಸಲು ಆ ಬಟ್ಟೆ ಬೇಕು. ಎಸ್‌ಕ್ಯೂಎಲ್ ಸರ್ವರ್ ಚೌಕ ಬ್ರಾಕೆಟ್ ಹಾಕುತ್ತದೆ. ಮೈಎಸ್‌ಕ್ಯೂಎಲ್ ಬ್ಯಾಕ್‌ಟಿಕ್ ಹಾಕುತ್ತದೆ, ಕೀಬೋರ್ಡಿನ ಎಡಮೂಲೆಯಲ್ಲಿ ಯಾರೂ ಮುಟ್ಟದ ಆ ಕೀಲಿ. ಸ್ಟ್ಯಾಂಡರ್ಡ್ ಪ್ರಕಾರ ಎರಡೆಳೆ ಕೋಟ್. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್ ಅದನ್ನೇ ಪಾಲಿಸುತ್ತವೆ.

ಪೋಸ್ಟ್‌ಗ್ರೆಸ್‌ನಿಂದ ಕೋಟ್ ಸಮೇತ 'ನೇಮ್' ಎಂಬ ಕಾಲಮ್ ಹೆಸರನ್ನು ಕಾಪಿ ಮಾಡಿ ಮೈಎಸ್‌ಕ್ಯೂಎಲ್‌ನಲ್ಲಿ ಓಡಿಸಿದರೆ ಏನಾಗುತ್ತದೆ ಗೊತ್ತಾ? ಎರರ್ ಬರುವುದಿಲ್ಲ. ಸೆಟ್ಟಿಂಗ್ ಬದಲಿಸದ ಮೈಎಸ್‌ಕ್ಯೂಎಲ್‌ಗೆ ಎರಡೆಳೆ ಕೋಟ್ ಒಳಗಿನದು ಹೆಸರಲ್ಲ, ಬರೀ ಪಠ್ಯ. ಸಾವಿರ ಗ್ರಾಹಕರಿದ್ದರೆ ಸಾವಿರ ಸಾಲಿನಲ್ಲೂ 'ನೇಮ್', 'ನೇಮ್', 'ನೇಮ್' ಎಂದು ಬರುತ್ತದೆ. ಎಲ್ಲರ ಹೆಸರೂ ಒಂದೇ!

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಉಲ್ಟಾ ಇನ್ನೊಂದು. ಯಾರೋ ಟೇಬಲ್‌ಗೆ 'ಯೂಸರ್' ಎಂದು ಹೆಸರಿಟ್ಟಿದ್ದಾರೆ. ಕೋಟ್ ಇಲ್ಲದೆ ಕಾಪಿ ಮಾಡಿ, ನಕ್ಷತ್ರ ಹಾಕಿ ಸೆಲೆಕ್ಟ್ ಓಡಿಸಿದಿರಿ. ಒಂದೇ ಒಂದು ಸಾಲು ಬರುತ್ತದೆ. ಅದರಲ್ಲಿರುವುದು ನಿಮ್ಮದೇ ಲಾಗಿನ್ ಹೆಸರು. ಕೋಟ್ ಇಲ್ಲದ ಯೂಸರ್ ಅಂದರೆ ಪೋಸ್ಟ್‌ಗ್ರೆಸ್‌ಗೆ 'ಈಗ ಯಾರು ಕೂತಿದ್ದಾರೆ' ಎಂಬ ಪ್ರಶ್ನೆ. ಟೇಬಲ್ ಖಾಲಿಯಾಯಿತೇ, ಡೇಟಾ ಅಳಿಸಿಹೋಯಿತೇ ಎಂದು ಎದೆ ಧಸಕ್ಕೆನ್ನುತ್ತದೆ. ಡೇಟಾ ಅಲ್ಲೇ ಇದೆ. ಕೋಟ್ ಹಾಕಿ.

ದೊಡ್ಡಕ್ಷರ ಸಣ್ಣಕ್ಷರದ ಗೋಳೂ ಇಲ್ಲೇ ಇದೆ. ಕೋಟ್ ಇಲ್ಲದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ಇಳಿಸುತ್ತದೆ, ಒರಾಕಲ್ ದೊಡ್ಡಕ್ಷರಕ್ಕೆ ಏರಿಸುತ್ತದೆ. ಟೇಬಲ್ ಮಾಡುವಾಗ ಯಾರಾದರೂ ಕೋಟ್ ಹಾಕಿ ಎರಡೂ ಬೆರೆಸಿ ಹೆಸರಿಟ್ಟರೆ, ಇನ್ನು ಆ ಟೇಬಲ್ ಇರುವ ತನಕ ಕೋಟ್ ಹಾಕಿಯೇ ಕರೆಯಬೇಕು. ಕಾಪಿ ಮಾಡುವಾಗ ಕೋಟ್ ಬಿಟ್ಟರೆ, ಕಣ್ಣಮುಂದೆ ಇರುವ ಟೇಬಲ್ಲನ್ನು 'ಇಲ್ಲ' ಎನ್ನುತ್ತದೆ. ಬಟ್ಟೆ ಬೇಕೋ ಬೇಡವೋ ಎಂದು ನೀವು ತಲೆ ಕೆಡಿಸಿಕೊಳ್ಳುವುದು ಬೇಡ ಎಂದಾದರೆ ಪೋಸ್ಟ್‌ಗ್ರೆಸ್‌ನಲ್ಲಿ ಕೋಟ್_ಐಡೆಂಟ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕೋಟ್‌ನೇಮ್ ಎಂಬ ಫಂಕ್ಷನ್‌ಗಳಿವೆ. ಮೇಲಿನ ಕ್ವೆರಿಯಲ್ಲಿ ಕಾಲಮ್ ಹೆಸರಿಗೆ ಅದನ್ನು ಸುತ್ತಿಬಿಡಿ.

ಹೆಸರನ್ನು ಕನ್ನಡದಲ್ಲೇ ಇಡುವವರಿಗೂ ಒಂದು ಮಾತು. ಇಡಬಹುದು, ಡೇಟಾಬೇಸ್ ಒಪ್ಪುತ್ತದೆ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್. 'ಗ್ರಾಹಕ' ನೋಡಲು ಮೂರಕ್ಷರ. ಒಳಗೆ ಗ, ವಿರಾಮ ಚಿಹ್ನೆ, ರ, ದೀರ್ಘ, ಹ, ಕ ಎಂದು ಆರು ಗುರುತು, ಅಂದರೆ 18 ಬೈಟ್. ಒಟ್ಟು 21 ಗುರುತಿಗೆ ಜಾಗ ಮುಗಿಯುತ್ತದೆ, ಮಿಕ್ಕಿದ್ದನ್ನು ಪೋಸ್ಟ್‌ಗ್ರೆಸ್ ಕತ್ತರಿಸುತ್ತದೆ. ಇದಕ್ಕಿಂತ ಕಾಡುವುದು ಕಾಣದ ಗುರುತುಗಳು. 'ಕೊ' ಎಂಬುದನ್ನು ಯೂನಿಕೋಡ್‌ನಲ್ಲಿ ಒಕಾರದ ಒಂದೇ ಗುರುತು ಹಾಕಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಗುರುತು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸಿಗೆ ಬೇರೆ ಬೇರೆ ಹೆಸರಾಗಬಹುದು. ಒತ್ತಕ್ಷರ ಬೀಳದಿರಲಿ ಎಂದು ನಾವು ನಡುವೆ ಹಾಕುವ ಕಾಣದ ತಡೆ ಚಿಹ್ನೆಯದ್ದೂ ಇದೇ ಕಥೆ. ಇಂಥ ಹೆಸರನ್ನು ಕೈಯಲ್ಲಿ ಟೈಪ್ ಮಾಡಿ ಹೊಂದಿಸುವುದು ಅದೃಷ್ಟದ ಆಟ. ಕಾಪಿಯೊಂದೇ ದಾರಿ.

ದಾರಿಯಲ್ಲಿ ಹಾಳಾಗುವುದು

ಸರಿಯಾಗಿ ಕಾಪಿ ಮಾಡಿದ ಹೆಸರು ಸರಿಯಾಗಿಯೇ ತಲುಪುತ್ತದೆ ಎಂದೂ ಇಲ್ಲ. ನಡುವೆ ವರ್ಡ್‌ಗೋ ಚಾಟ್‌ಗೋ ಹಾಕಿದರೆ ನೆಟ್ಟಗಿದ್ದ ಕೋಟ್‌ಗಳು ಬಾಗಿದ ಕೋಟ್‌ಗಳಾಗಿಬಿಡಬಹುದು. ಡೇಟಾಬೇಸಿಗೆ ಬಾಗಿದ ಕೋಟ್ ಅಂದರೆ ಕೋಟೇ ಅಲ್ಲ.

ಎಕ್ಸೆಲ್ ಇನ್ನೂ ಒಂದು ಹೆಜ್ಜೆ ಮುಂದೆ. 'ಸೆಪ್2', 'ಡಿಸೆಂಬರ್1' ಥರದ ಕಾಲಮ್ ಹೆಸರನ್ನು ಇಂಗ್ಲಿಷಿನಲ್ಲಿ ಅಂಟಿಸಿ ನೋಡಿ, ತಾರೀಖು ಮಾಡಿಬಿಡುತ್ತದೆ. ತಮಾಷೆ ಎನ್ನಬೇಡಿ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಇದೇ ಕಾಟ ತಾಳಲಾರದೆ 'ಮಾರ್ಚ್1', 'ಸೆಪ್ಟ್1' ಎಂಬಂಥ ಹೆಸರುಗಳನ್ನೇ ಬದಲಿಸಿತು, 2020ರಲ್ಲಿ ಅದನ್ನು ಪ್ರಕಟಿಸಿತು. ನಾವು ಅಷ್ಟು ಮಾಡಬೇಕಿಲ್ಲ. ಪೇಸ್ಟ್ ಮಾಡುವ ಮುಂಚೆ ಆ ಸೆಲ್‌ಗಳನ್ನು ಟೆಕ್ಸ್ಟ್ ಎಂದು ಗುರುತು ಮಾಡಿದರೆ ಸಾಕು.

ಸ್ಕ್ರೀನ್‌ಶಾಟ್ ಬಗ್ಗೆ ಮಾತಾಡಲೇಬೇಕು. 'ಈ ಟೇಬಲ್‌ಗಳ ಡೇಟಾ ಬೇಕು' ಎಂದು ಚಿತ್ರ ಕಳಿಸುವವರು ಎಲ್ಲ ಕಡೆಯೂ ಇದ್ದಾರೆ. ಅದರಲ್ಲಿ ಹೆಸರು ಬರೀ ಚುಕ್ಕಿಗಳು. ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಎಂಬ ಮೈಕ್ರೋಸಾಫ್ಟ್ ಟೂಲ್ ಹಾಕಿಕೊಂಡರೆ ವಿಂಡೋಸ್, ಶಿಫ್ಟ್, ಟಿ ಒತ್ತಿ ಚಿತ್ರದಿಂದ ಅಕ್ಷರ ಎತ್ತಬಹುದು. ಕೆಲಸಕ್ಕೆ ಬರುತ್ತದೆ, ಆದರೆ ಇಂಗ್ಲಿಷಿನ ಸಣ್ಣ 'ಎಲ್' ಮತ್ತು ಅಂಕಿ ಒಂದು, 'ಓ' ಮತ್ತು ಸೊನ್ನೆ, ಕೆಳಗೆರೆ ಮತ್ತು ಖಾಲಿ ಜಾಗ, ಇವುಗಳಲ್ಲಿ ಅದು ಎಡವುತ್ತದೆ. ಎತ್ತಿದ ಹೆಸರನ್ನು ನೇರ ಬಳಸಬೇಡಿ. ಇನ್ಫರ್ಮೇಷನ್ ಸ್ಕೀಮಾದಲ್ಲಿ ಹುಡುಕಿ, ಸಿಕ್ಕರೆ ಅಲ್ಲಿಂದ ಕಾಪಿ ಮಾಡಿ.

ಇನ್ನು ಕೊನೆಯ ಕೆಲಸ, ಒಂದರ ಕೆಳಗೊಂದು ಇರುವ ಹೆಸರುಗಳಿಗೆ ಕಾಮಾ ಹಾಕಿ ಕ್ವೆರಿ ಮಾಡುವುದು. ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಸಾಲುಗಳನ್ನೆಲ್ಲ ಸೆಲೆಕ್ಟ್ ಮಾಡಿ ಶಿಫ್ಟ್, ಆಲ್ಟ್, ಐ ಒತ್ತಿದರೆ ಪ್ರತಿ ಸಾಲಿನ ಕೊನೆಗೂ ಒಂದೊಂದು ಕರ್ಸರ್ ಬರುತ್ತದೆ. ಒಂದು ಸಲ ಕಾಮಾ ಒತ್ತಿದರೆ ಎಲ್ಲ ಸಾಲಿಗೂ ಬೀಳುತ್ತದೆ. ಕೈಯಲ್ಲಿ ಒಂದೊಂದೇ ಹಾಕಬೇಡಿ. ಕಾರಣ ಇದೆ. ಎರಡು ಹೆಸರಿನ ನಡುವೆ ಒಂದು ಕಾಮಾ ಬಿಟ್ಟುಹೋದರೆ ಎರರ್ ಬರುತ್ತದೆ ಎಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಬರುವುದಿಲ್ಲ. 'ಸಿಟಿ' ಆದ ಮೇಲೆ ಕಾಮಾ ಇಲ್ಲದೆ 'ಪಿನ್‌ಕೋಡ್' ಬಂದರೆ, ಸಿಟಿಗೆ ಪಿನ್‌ಕೋಡ್ ಎಂಬ ಅಡ್ಡಹೆಸರು ಇಟ್ಟಿದ್ದಾರೆ ಎಂದು ಡೇಟಾಬೇಸ್ ತಿಳಿಯುತ್ತದೆ. ಫಲಿತಾಂಶದಲ್ಲಿ ಪಿನ್‌ಕೋಡ್ ಎಂಬ ತಲೆಬರಹ, ಅದರ ಕೆಳಗೆ ಊರಿನ ಹೆಸರುಗಳು. ನಿಜವಾದ ಪಿನ್‌ಕೋಡ್ ಮಾಯ. ಇಲ್ಲಿ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಎರಡೂ ಮೊತ್ತದ ಕಾಲಮ್‌ಗಳಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ನಾನೀಗ ಪೇಸ್ಟ್ ಮಾಡಿದ ಮೇಲೆ ಎಣಿಸುತ್ತೇನೆ. ಕಾಲಮ್_ನೇಮ್ ಜಾಗದಲ್ಲಿ ಕೌಂಟ್ ಹಾಕಿ, ಆರ್ಡರ್ ಬೈ ತೆಗೆದು ಮೇಲಿನ ಕ್ವೆರಿಯನ್ನೇ ಓಡಿಸಿದರೆ ಟೇಬಲ್ಲಿನಲ್ಲಿ ಎಷ್ಟಿವೆ ಎಂದು ತಿಳಿಯುತ್ತದೆ. ನನ್ನ ಕ್ವೆರಿಯ ಫಲಿತಾಂಶದಲ್ಲಿ ಎಷ್ಟು ಕಾಲಮ್ ಬಂದವು ಎಂದು ಅದರ ಪಕ್ಕ ಇಟ್ಟು ನೋಡುತ್ತೇನೆ. ಅಲ್ಲಿ 62, ಇಲ್ಲಿ 61 ಇದ್ದರೆ ಯಾವುದೋ ಸಾಲಿನ ಕೊನೆಯಲ್ಲಿ ಕಾಮಾ ಇಲ್ಲ.